ಆಹಾರ ಭಂಡಾರಕ್ಕೆ ಬರುವವರಿಂದ ಆದಾಯದ ಪುರಾವೆ ಕೇಳಬೇಕೆ?

ಪ್ರಶ್ನೆ (ಭಂಡಾರದ ಕಾರ್ಯದರ್ಶಿ):

ಎಲ್ಲರಿಗೂ ನಮಸ್ಕಾರ. ನಾನು ಸಮುದಾಯ ಆಹಾರ ಭಂಡಾರವೊಂದರ ಕಾರ್ಯದರ್ಶಿ. ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದಿದ್ದರೂ ಬಳಕೆಗೆ ಯೋಗ್ಯವಾಗಿರುವ ದಿನಸಿಯನ್ನೂ, ಮನೆಗಳಿಂದ ಬರುವ ದಾನವನ್ನೂ ಸಂಗ್ರಹಿಸಿ, ಅಗತ್ಯವಿರುವ ಕುಟುಂಬಗಳಿಗೆ ವಾರಕ್ಕೊಮ್ಮೆ ಉಚಿತವಾಗಿ ಕೊಡುತ್ತೇವೆ. ಆರಂಭದಲ್ಲಿ ಬರುತ್ತಿದ್ದವರಲ್ಲಿ ಹೆಚ್ಚಿನವರು ಒಂಟಿಯಾಗಿ ಬದುಕುವ ವೃದ್ಧರು. ಈಗ ದುಡಿಮೆ ಇರುವವರೂ ಬರುತ್ತಿದ್ದಾರೆ. ತಿಂಗಳ ಮೊದಲ ದಿನಗಳಲ್ಲಿ ಯಾರ ನೆರವೂ ಇಲ್ಲದೆ ಸಂಸಾರ ತೂಗಿಸುವ ಇವರಿಗೆ, ಬಾಡಿಗೆಯೂ ಔಷಧಿಯ ಖರ್ಚೂ ಕಳೆದ ಮೇಲೆ ಊಟಕ್ಕೆ ಏನೂ ಉಳಿಯುವುದಿಲ್ಲ.

ಸಾಲು ಬೆಳೆದಂತೆ ಸಮಿತಿಯೊಳಗೆ ಭಿನ್ನಾಭಿಪ್ರಾಯವೂ ಬೆಳೆದಿದೆ. ಅರ್ಹರಲ್ಲದವರೂ ಬರುತ್ತಿದ್ದಾರೆ, ಆದ್ದರಿಂದ ಆದಾಯದ ಪುರಾವೆಯನ್ನು ಕಡ್ಡಾಯ ಮಾಡಬೇಕು ಎಂಬುದು ಕೆಲವು ಸದಸ್ಯರ ವಾದ. ಎಲ್ಲರಿಗೂ ಒಂದೇ ಬಗೆಯ ಚೀಲವನ್ನು ಮೊದಲೇ ಕಟ್ಟಿಟ್ಟು ಕೈಗಿತ್ತರೆ ಸಮಯವೂ ಉಳಿಯುತ್ತದೆ, ತಕರಾರೂ ಇರುವುದಿಲ್ಲ ಎಂಬುದು ಅವರ ಇನ್ನೊಂದು ಸಲಹೆ. ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ನಮ್ಮ ದೊಡ್ಡ ದಾನಿಯೊಬ್ಬರು ಕೇಳಿದ ಪ್ರಶ್ನೆ: "ನೀವು ಹಂಚಿದ ಆಹಾರ ಎಷ್ಟು ಕಿಲೋ ಎಂದು ಪ್ರತಿ ವರದಿಯಲ್ಲೂ ಬರೆಯುತ್ತೀರಿ. ಅದರಿಂದ ಹಸಿವು ಎಷ್ಟು ಕಡಿಮೆಯಾಯಿತು ಎಂದು ಎಲ್ಲಿಯೂ ಬರೆದಿಲ್ಲವಲ್ಲ?"

ಪುರಾವೆ, ಸಿದ್ಧ ಚೀಲ, ಹಸಿವಿನ ಅಳತೆ, ಈ ಮೂರರ ಬಗ್ಗೆಯೂ ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ಭಂಡಾರವೊಂದರ ದಾಸ್ತಾನು ನೋಡಿಕೊಳ್ಳುವವರು):

ಮಾನ್ಯರೆ, ಪುರಾವೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕೇಳಬೇಡಿ. ಪುರಾವೆಯ ನಿಯಮ ತಡೆಯುವುದು ಅನರ್ಹರನ್ನು ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಮೊದಲು ತಡೆಯುವುದು ಕಾಗದಪತ್ರ ಹೊಂದಿಸಲಾಗದವರನ್ನು. ದಿನಗೂಲಿಯವರಿಗೆ ಸಂಬಳದ ಚೀಟಿ ಇರುವುದಿಲ್ಲ. ಹೊಡೆತ ತಾಳಲಾರದೆ ಮನೆಬಿಟ್ಟು ಬಂದ ಹೆಣ್ಣುಮಗಳ ದಾಖಲೆಗಳು ಆಕೆ ಬಿಟ್ಟುಬಂದ ಮನೆಯಲ್ಲೇ ಇರುತ್ತವೆ. ಕಳೆದ ವಾರ ಕೆಲಸ ಕಳೆದುಕೊಂಡವನ ಬಳಿ ಇರುವುದು ಕಳೆದ ವರ್ಷದ ಆದಾಯದ ಪತ್ರ, ಅದರ ಪ್ರಕಾರ ಆತ ಅನುಕೂಲಸ್ಥ. ಹಸಿವು ಇಂದಿನದು, ದಾಖಲೆ ನಿನ್ನೆಯದು. ಈ ಅಂತರದಲ್ಲಿ ಸಿಕ್ಕಿಕೊಳ್ಳುವವರೇ ನಮ್ಮ ನೆರವು ಹೆಚ್ಚು ಬೇಕಾದವರು.

ಇದರ ಅರ್ಥ ದಾಖಲೆಯನ್ನೇ ಇಡಬಾರದು ಎಂದಲ್ಲ. ಮನೆಯಲ್ಲಿ ಎಷ್ಟು ಜನ, ಅವರಲ್ಲಿ ಮಕ್ಕಳೆಷ್ಟು, ವೃದ್ಧರೆಷ್ಟು, ವೈದ್ಯರ ಸಲಹೆಯಿಂದಲೋ ಧರ್ಮದ ಕಾರಣದಿಂದಲೋ ತಿನ್ನಬಾರದ ಪದಾರ್ಥ ಏನಾದರೂ ಇದೆಯೇ ಎಂಬಷ್ಟನ್ನು ಕೇಳಿ ಬರೆದುಕೊಂಡರೆ ದಾಸ್ತಾನಿನ ಲೆಕ್ಕಕ್ಕೆ ಸಾಕು. ಅಗತ್ಯವಿದೆ ಎಂದು ಬಂದವರು ತಾವೇ ಹೇಳುವ ಮಾತನ್ನು ಒಪ್ಪಿಕೊಳ್ಳುವ ಭಂಡಾರಗಳು ಬೇರೆ ಬೇರೆ ದೇಶಗಳಲ್ಲಿವೆ. ಬ್ರಿಟನ್ನಿನ ಟ್ರಸೆಲ್ ಎಂಬ ಆಹಾರ ಭಂಡಾರಗಳ ಜಾಲದಂಥ ಕಡೆ ವೈದ್ಯರೋ ಸಮಾಜ ಕಾರ್ಯಕರ್ತರೋ ಚೀಟಿ ಬರೆದು ಕಳುಹಿಸುವ, ಆ ಚೀಟಿಗೆ ಕನಿಷ್ಠ ಮೂರು ದಿನಗಳ ಆಹಾರ ಕೊಡುವ ಪದ್ಧತಿ ಬೆಳೆದುಬಂದಿದೆ. ಚೀಟಿಯ ಪದ್ಧತಿಯ ಗುಣವೇನೆಂದರೆ, ಬಂದವರ ಬೇರೆ ತೊಂದರೆಗಳನ್ನೂ ಯಾರಾದರೊಬ್ಬರು ಆಲಿಸಿರುತ್ತಾರೆ. ದೋಷವೇನೆಂದರೆ, ಚೀಟಿ ಬರೆಯುವವರ ಪರಿಚಯವೇ ಇಲ್ಲದವರು ಹೊರಗುಳಿಯುತ್ತಾರೆ. ಸಣ್ಣ ಭಂಡಾರಕ್ಕೆ ಮೊದಲನೆಯ ದಾರಿಯೇ ಸರಿ ಎಂಬುದು ನನ್ನ ತೀರ್ಮಾನ. ಅಗತ್ಯವಿಲ್ಲದವರು ಒಂದಿಬ್ಬರು ಬಂದು ಹೋಗುವುದರಿಂದ ಆಗುವ ನಷ್ಟ, ಅಗತ್ಯವಿರುವ ಒಬ್ಬರು ನಾಚಿ ಹಿಂದಿರುಗುವುದರಿಂದ ಆಗುವ ನಷ್ಟಕ್ಕಿಂತ ಬಹಳ ಚಿಕ್ಕದು.

ಇನ್ನು ಸಿದ್ಧ ಚೀಲ. ಸಮಯ ಉಳಿಯುತ್ತದೆ ಎಂಬುದು ನಿಜ. ಆದರೆ ಉಳಿಯುವುದು ನಮ್ಮ ಸಮಯ. ಚೀಲದೊಳಗಿನ ಧಾನ್ಯ ಆ ಮನೆಯವರಿಗೆ ಅಡುಗೆ ಮಾಡಿ ಗೊತ್ತಿಲ್ಲದ್ದಾಗಿರಬಹುದು, ಹಾಲು ಅವರ ಹೊಟ್ಟೆಗೆ ಒಗ್ಗದಿರಬಹುದು, ಗಂಟೆಗಟ್ಟಲೆ ಬೇಯಬೇಕಾದ ಕಾಳು ಇಂಧನವೇ ಇಲ್ಲದ ಕೋಣೆಗೆ ಹೋಗಿರಬಹುದು. ಹಾಗೆ ಹೋದ ಆಹಾರ ನಮ್ಮ ಲೆಕ್ಕದಲ್ಲಿ ಹಂಚಿಕೆಯಾಗಿರುತ್ತದೆ, ಯಾರ ಹೊಟ್ಟೆಗೂ ಸೇರಿರುವುದಿಲ್ಲ. ಕಪಾಟಿನಲ್ಲಿ ಜೋಡಿಸಿಟ್ಟು, ಕುಟುಂಬದ ಗಾತ್ರಕ್ಕೆ ತಕ್ಕಂತೆ ಪ್ರತಿ ವಿಭಾಗದಿಂದ ಇಷ್ಟು ಎಂದು ಮಿತಿ ಹೇಳಿ, ಅವರೇ ಆರಿಸಿಕೊಳ್ಳಲು ಬಿಡುವ ವ್ಯವಸ್ಥೆಯಲ್ಲಿ ಈ ನಷ್ಟ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಉಪಯೋಗವೊಂದಿದೆ: ಯಾವುದು ಬೇಗ ಖಾಲಿಯಾಗುತ್ತದೆ, ಯಾವುದನ್ನು ಯಾರೂ ಮುಟ್ಟುವುದಿಲ್ಲ ಎಂಬುದನ್ನು ಕಪಾಟೇ ತೋರಿಸಿಕೊಡುವುದರಿಂದ, ದಾನಿಗಳ ಬಳಿ ಏನು ಕೇಳಬೇಕೆಂಬುದು ನಿಮಗೆ ಊಹೆಯಿಲ್ಲದೆ ತಿಳಿಯುತ್ತದೆ. ಜಾಗ ಚಿಕ್ಕದಾಗಿದ್ದರೆ ಪದಾರ್ಥಗಳ ಪಟ್ಟಿಯೊಂದನ್ನು ಕೈಗೆ ಕೊಟ್ಟು, ಬೇಕಾದ್ದಕ್ಕೆ ಗುರುತು ಹಾಕಿಸಿ, ಸ್ವಯಂಸೇವಕರು ತುಂಬಿಕೊಡಬಹುದು.

ದಾಸ್ತಾನಿನ ಸುರಕ್ಷತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಮೊದಲು ಮುಗಿಯುವ ದಿನಾಂಕದ್ದು ಮೊದಲು ಹೊರಹೋಗಬೇಕು. "ಈ ದಿನಾಂಕಕ್ಕೆ ಮುನ್ನ ಉತ್ತಮ" ಎಂಬ ಮುದ್ರೆ ಗುಣಮಟ್ಟಕ್ಕೆ ಸಂಬಂಧಿಸಿದ್ದು. "ಈ ದಿನಾಂಕದೊಳಗೆ ಬಳಸಿ" ಎಂಬುದು ಸುರಕ್ಷತೆಗೆ ಸಂಬಂಧಿಸಿದ್ದು, ಆ ದಿನ ದಾಟಿದ್ದನ್ನು ಯಾರಿಗೂ ಕೊಡಕೂಡದು. ಉಬ್ಬಿದ, ಸೋರುವ ಅಥವಾ ಅಂಚಿನ ಬೆಸುಗೆಯ ಬಳಿ ಆಳವಾಗಿ ನಜ್ಜುಗುಜ್ಜಾದ ಡಬ್ಬಿಗಳಲ್ಲಿ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ಉಂಟುಮಾಡುವ ವಿಷ ಇರಬಹುದಾದ್ದರಿಂದ ಅವನ್ನು ತೆರೆದು ನೋಡುವ ಗೋಜಿಗೂ ಹೋಗದೆ ಎಸೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣಾಂಶದಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದು. ತಣ್ಣಗಿಡುವುದನ್ನು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಬಿಸಿಯಾಗಿ ಬಡಿಸುವುದನ್ನು 60 ಡಿಗ್ರಿಗಿಂತ ಮೇಲೆ ಇಡಬೇಕು. ಫ್ರಿಜ್‌ನೊಳಗೆ ಥರ್ಮಾಮೀಟರ್ ಇಲ್ಲದ ಭಂಡಾರ ಹಾಲು, ಮೊಟ್ಟೆ, ಮಾಂಸವನ್ನು ಸ್ವೀಕರಿಸದಿರುವುದೇ ಒಳ್ಳೆಯದು. ನಮ್ಮ ಮನೆಯ ಮಕ್ಕಳಿಗೆ ಕೊಡಲು ಹಿಂಜರಿಯುವುದನ್ನು ಬೇರೆಯವರ ಮಕ್ಕಳಿಗೆ ಕೊಡುವ ಹಕ್ಕು ನಮಗಿಲ್ಲ.

ಉತ್ತರ 2 (ಸಮುದಾಯ ಆರೋಗ್ಯ ಕಾರ್ಯಕರ್ತೆ):

ದಾನಿಯವರ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ, ಏಕೆಂದರೆ ಆ ಪ್ರಶ್ನೆ ನ್ಯಾಯವಾದದ್ದು. ಕಿಲೋಗ್ರಾಂ ಲೆಕ್ಕ ಭಂಡಾರದ ಚಟುವಟಿಕೆಯನ್ನು ಅಳೆಯುತ್ತದೆ. ಹಸಿವನ್ನು ಅಳೆಯಲು ಹಸಿದವರನ್ನೇ ಕೇಳಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇದಕ್ಕಾಗಿಯೇ 8 ಪ್ರಶ್ನೆಗಳ ಮಾಪನವೊಂದನ್ನು ರೂಪಿಸಿದೆ. ಹಣದ ಅಥವಾ ಬೇರೆ ಅನುಕೂಲದ ಕೊರತೆಯಿಂದ ಊಟ ಸಾಲದೆ ಹೋಗಬಹುದೆಂಬ ಚಿಂತೆ ಇತ್ತೇ ಎಂಬಲ್ಲಿಂದ ಅದು ಆರಂಭವಾಗುತ್ತದೆ. ಪೌಷ್ಟಿಕ ಆಹಾರ ತಿನ್ನಲಾಗಲಿಲ್ಲವೇ, ಕೆಲವೇ ಬಗೆಯ ಪದಾರ್ಥಗಳಲ್ಲಿ ದಿನ ಕಳೆಯಬೇಕಾಯಿತೇ, ಒಂದು ಹೊತ್ತಿನ ಊಟ ಬಿಡಬೇಕಾಯಿತೇ, ಬೇಕಾದ್ದಕ್ಕಿಂತ ಕಡಿಮೆ ತಿಂದಿರೇ, ಮನೆಯಲ್ಲಿ ಆಹಾರ ಮುಗಿದುಹೋಗಿತ್ತೇ, ಹಸಿದರೂ ತಿನ್ನಲಿಲ್ಲವೇ ಎಂದು ಮುಂದುವರಿದು, ಇಡೀ ದಿನ ಉಪವಾಸ ಇರಬೇಕಾಯಿತೇ ಎಂಬಲ್ಲಿ ಮುಗಿಯುತ್ತದೆ. ಎಲ್ಲಕ್ಕೂ ಉತ್ತರ ಹೌದು ಅಥವಾ ಇಲ್ಲ.

ಈ ಪ್ರಶ್ನೆಗಳ ಕ್ರಮದಲ್ಲಿಯೇ ಹಸಿವಿನ ನಡಿಗೆ ಕಾಣುತ್ತದೆ. ಮೊದಲು ಚಿಂತೆ, ಆಮೇಲೆ ತಟ್ಟೆಯಲ್ಲಿನ ವೈವಿಧ್ಯ ಹೋಗುತ್ತದೆ, ಆಮೇಲೆ ಪ್ರಮಾಣ, ಕೊನೆಗೆ ಊಟವೇ. ಸಾಮಾನ್ಯವಾಗಿ ತಾಯಂದಿರು ತಮ್ಮ ಪಾಲನ್ನು ಮೊದಲು ಬಿಡುತ್ತಾರೆ, ಮಕ್ಕಳ ಪಾಲಿಗೆ ಕೈ ಹಾಕುವುದು ಕಟ್ಟಕಡೆಗೆ. ಆದ್ದರಿಂದ ಮಗು ಹಸಿದಿದೆ ಎಂದು ಮನೆಯವರು ಬಾಯಿಬಿಟ್ಟು ಹೇಳುವ ವೇಳೆಗೆ ದೊಡ್ಡವರು ಬಹಳ ದಿನಗಳಿಂದ ಹಸಿದಿರುತ್ತಾರೆ ಎಂದು ತಿಳಿಯಬೇಕು. ಎಂಟೂ ಪ್ರಶ್ನೆಗಳನ್ನು ಸಾಲಿನಲ್ಲಿ ನಿಂತವರಿಗೆ ಕೇಳುವುದು ಭಾರವೆನಿಸಿದರೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ಶಿಫಾರಸು ಮಾಡಿದ ಎರಡೇ ಪ್ರಶ್ನೆಗಳಿವೆ: ಕಳೆದ 12 ತಿಂಗಳಲ್ಲಿ, ಮತ್ತೆ ಕೊಳ್ಳಲು ಹಣ ಕೈಗೆ ಬರುವ ಮುನ್ನವೇ ಆಹಾರ ಮುಗಿದೀತೆಂಬ ಚಿಂತೆ ಇತ್ತೇ, ಕೊಂಡ ಆಹಾರ ನಿಜವಾಗಿಯೂ ಮುಗಿದು, ಮತ್ತೆ ಕೊಳ್ಳಲು ಹಣವಿಲ್ಲದೆ ಹೋಯಿತೇ. ಭಂಡಾರಕ್ಕೆ ಹೊಸದಾಗಿ ಬಂದಾಗ ಒಮ್ಮೆ, ಕೆಲವು ತಿಂಗಳ ನಂತರ ಇನ್ನೊಮ್ಮೆ, ಹೆಸರು ಬರೆಯದೆ, ಒಪ್ಪಿದವರನ್ನು ಮಾತ್ರ ಕೇಳಿ. ಮರುಬಾರಿ ಕೇಳುವಾಗ 12 ತಿಂಗಳ ಬದಲು ಕಳೆದ 30 ದಿನಗಳ ಬಗ್ಗೆ ಕೇಳಬೇಕು. ಇಲ್ಲವಾದರೆ ಭಂಡಾರಕ್ಕೆ ಬರುವ ಮುಂಚಿನ ಕಷ್ಟವೂ ಅದರಲ್ಲಿ ಸೇರಿಕೊಂಡು ಬದಲಾವಣೆ ಕಾಣದೆ ಹೋಗುತ್ತದೆ. ಉತ್ತರ ಹೇಳದವರಿಗೂ ದಿನಸಿ ಅಷ್ಟೇ ಸಿಗುತ್ತದೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು.

ಏನು ಕೊಡುತ್ತೀರಿ ಎಂಬುದೂ ಎಷ್ಟು ಕೊಡುತ್ತೀರಿ ಎಂಬುದರಷ್ಟೇ ಮುಖ್ಯ. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ, ಎಲ್ಲ ಜನರಿಗೂ ಎಲ್ಲ ಕಾಲದಲ್ಲೂ ಸಾಕಷ್ಟು, ಸುರಕ್ಷಿತ ಮತ್ತು ಪೌಷ್ಟಿಕ ಆಹಾರ ಕೈಗೆಟುಕುವ ಸ್ಥಿತಿಯನ್ನೇ ಆಹಾರ ಭದ್ರತೆ ಎಂದು ಕರೆಯಿತು. ದಾನವಾಗಿ ಬರುವುದರಲ್ಲಿ ಬಿಸ್ಕತ್ತು, ಸಿಹಿ ಪಾನೀಯ, ಉಪ್ಪು ಹೆಚ್ಚಿರುವ ಡಬ್ಬಿ ಪದಾರ್ಥಗಳೇ ಅಧಿಕ. ಭಂಡಾರಕ್ಕೆ ಬರುವವರಲ್ಲಿ ಮಧುಮೇಹ, ರಕ್ತದೊತ್ತಡ ಇರುವವರು ಕಡಿಮೆಯಲ್ಲ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಡಬ್ಬಿಯ ಕಾಳು, ತರಕಾರಿಗಳನ್ನು ನೀರು ಬಸಿದು ತೊಳೆದು ಬಳಸಿದರೆ ಉಪ್ಪು ಗಣನೀಯವಾಗಿ ತಗ್ಗುತ್ತದೆ ಎಂದು ಆ ಕಪಾಟಿನ ಮೇಲೆ ಬರೆದು ಅಂಟಿಸಿದರೂ ಉಪಕಾರವಾಗುತ್ತದೆ.

ಶಿಶುಗಳಿಗೆ ಕೊಡುವ ಹಾಲಿನ ಪುಡಿಯ ವಿಷಯದಲ್ಲಿ ವಿಶೇಷ ಎಚ್ಚರ ಇರಲಿ. ಮೊದಲ 6 ತಿಂಗಳು ತಾಯಿಯ ಹಾಲೊಂದೇ ಸಾಕು ಎಂಬುದು ಜಾಗತಿಕ ಶಿಫಾರಸು. ತಾಯಿಯ ಹಾಲಿಗೆ ಬದಲಿ ಪದಾರ್ಥಗಳ ಮಾರಾಟದ ಬಗ್ಗೆ 1981ರಲ್ಲೇ ಅಂತರರಾಷ್ಟ್ರೀಯ ಸಂಹಿತೆ ಬಂದಿದ್ದು, ಉಚಿತ ಮಾದರಿಗಳ ಮೂಲಕ ತಾಯಂದಿರನ್ನು ಪುಡಿಯತ್ತ ಸೆಳೆಯುವ ಕಂಪನಿಗಳ ಅಭ್ಯಾಸವನ್ನು ತಡೆಯಲು. ಹಾಗೆಂದು ಪುಡಿಯನ್ನೇ ಅವಲಂಬಿಸಿರುವ ಕೂಸಿನ ತಾಯಿಯನ್ನು ಬರಿಗೈಯಲ್ಲಿ ಕಳುಹಿಸಿದರೆ, ಆಕೆ ಪುಡಿಗೆ ಹೆಚ್ಚು ನೀರು ಬೆರೆಸಿ ದಿನ ದೂಡುತ್ತಾಳೆ. ಅದು ಮಗುವಿಗೆ ಅಪಾಯ. ಪುಡಿಯನ್ನು ಎಲ್ಲರೂ ಎತ್ತಿಕೊಳ್ಳುವ ಕಪಾಟಿನಲ್ಲಿಡದೆ, ಆರೋಗ್ಯ ಕಾರ್ಯಕರ್ತರೊಬ್ಬರು ಮಾತನಾಡಿ ಕೊಡುವ ಏರ್ಪಾಡು ಮಾಡಿಕೊಳ್ಳಿ.

ಉತ್ತರ 3 (ಹಿಂದೊಮ್ಮೆ ಭಂಡಾರದಿಂದ ದಿನಸಿ ಪಡೆದವರು):

ಮೇಲಿನವರು ಬರೆದದ್ದನ್ನು ಓದಿ ನನ್ನ ಕಡೆಯ ಮಾತೊಂದನ್ನು ಸೇರಿಸಬೇಕೆನಿಸಿತು. ನೆರವು ಕೇಳಲು ಹೋಗುವುದು ಕಷ್ಟ. ಅದಕ್ಕಿಂತ ಕಷ್ಟವಾದದ್ದು ಪರಿಚಿತರ ಕಣ್ಣೆದುರು ಬೀದಿಯಲ್ಲಿ ಸಾಲು ನಿಲ್ಲುವುದು. ಸಾಲನ್ನು ಕಟ್ಟಡದ ಒಳಗೆ ತನ್ನಿ, ಕುಳಿತುಕೊಳ್ಳಲು ಕುರ್ಚಿಗಳಿರಲಿ, ಬರುವ ಸಮಯವನ್ನು ಮೊದಲೇ ಹಂಚಿಕೊಡಿ. ದುಡಿಯುವವರು ಹಗಲು ಬರಲಾರರು. ವಾರದಲ್ಲಿ ಒಂದು ಸಂಜೆಯಾದರೂ ಬಾಗಿಲು ತೆರೆದಿರಲಿ. ದಾನಿಗಳಿಗೆ ತೋರಿಸಲೆಂದು ದಿನಸಿ ಪಡೆಯುವವರ ಫೋಟೋ ತೆಗೆಯುವುದನ್ನು ದಯವಿಟ್ಟು ಮಾಡಬೇಡಿ. ಆ ಫೋಟೋ ಮಕ್ಕಳ ಶಾಲೆಯವರೆಗೂ ಹೋಗುತ್ತದೆ ಎಂಬ ಭಯದಿಂದ ಭಂಡಾರಕ್ಕೆ ಬರುವುದನ್ನೇ ಬಿಟ್ಟವರನ್ನು ನಾನು ಬಲ್ಲೆ.

ಉತ್ತರ 4 (ಸಾರ್ವಜನಿಕ ನೀತಿ ಬೋಧಿಸುವವರು):

ಪುರಾವೆ, ಆಯ್ಕೆ, ಮಾಪನದ ಬಗ್ಗೆ ಬಂದ ಉತ್ತರಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ದಾನಿಯವರ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡದೊಂದು ಪ್ರಶ್ನೆಯಿದೆ: ಇಂಥ ಭಂಡಾರಗಳು ಹಸಿವನ್ನು ಕಳೆಯುತ್ತವೆಯೇ, ಅಥವಾ ಸಹ್ಯವಾಗಿಸುತ್ತವೆಯೇ?

ಈ ವ್ಯವಸ್ಥೆಯ ಹುಟ್ಟನ್ನು ನೆನೆದರೆ ಪ್ರಶ್ನೆ ಸ್ಪಷ್ಟವಾಗುತ್ತದೆ. 1967ರಲ್ಲಿ ಅಮೆರಿಕದ ಅರಿಜೋನಾದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬವರು ಮೊದಲ ಫುಡ್ ಬ್ಯಾಂಕ್ ಆರಂಭಿಸಿದರು. ಅಂಗಡಿಗಳು ಎಸೆಯುತ್ತಿದ್ದ ಒಳ್ಳೆಯ ಆಹಾರವನ್ನು ಹೆಕ್ಕಿ ಮಕ್ಕಳನ್ನು ಸಾಕುತ್ತಿದ್ದ ತಾಯಿಯೊಬ್ಬರು, ಬ್ಯಾಂಕಿನಲ್ಲಿ ಹಣವಿಡುವಂತೆ ಆಹಾರವನ್ನು ಇಟ್ಟು ಪಡೆಯುವ ಸ್ಥಳವೊಂದು ಇರಬೇಕೆಂದು ಅವರಿಗೆ ಹೇಳಿದ್ದರಂತೆ. ಅಲ್ಲಿಂದ ಈ ಮಾದರಿ 1981ರಲ್ಲಿ ಕೆನಡಾದ ಎಡ್ಮಂಟನ್ ನಗರಕ್ಕೆ, 1984ರಲ್ಲಿ ಫ್ರಾನ್ಸಿಗೆ ಹರಡಿತು. ಆರ್ಥಿಕ ಹಿಂಜರಿತದ ಆ ವರ್ಷಗಳಲ್ಲಿ ಇದನ್ನು ತಾತ್ಕಾಲಿಕ ಏರ್ಪಾಡು ಎಂದೇ ಅನೇಕರು ಭಾವಿಸಿದ್ದರು. ಇಂದು ಅದು ಆ ದೇಶಗಳಲ್ಲಿ ಶಾಶ್ವತ ಸಂಸ್ಥೆಯಾಗಿ ನಿಂತಿದೆ. ಪದಗಳ ಬಳಕೆಯಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಅಮೆರಿಕದಲ್ಲಿ ಫುಡ್ ಬ್ಯಾಂಕ್ ಎಂದರೆ ಸಗಟಾಗಿ ಸಂಗ್ರಹಿಸುವ ದೊಡ್ಡ ಗೋದಾಮು; ಅದರಿಂದ ಪಡೆದು ಜನರ ಕೈಗೆ ಕೊಡುವ, ನಿಮ್ಮದರಂಥ ಸ್ಥಳೀಯ ಭಂಡಾರ ಬೇರೆ.

ಆಹಾರದ ಅಭಾವದಿಂದ ಹಸಿವು ಹುಟ್ಟುತ್ತಿದ್ದರೆ ಉತ್ತರ ಸುಲಭವಾಗಿತ್ತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಅಂಗಡಿ, ಹೋಟೆಲು ಮತ್ತು ಮನೆಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. 2024ರಲ್ಲಿ ಹಸಿವು ಎದುರಿಸಿದವರ ಸಂಖ್ಯೆ ಜಗತ್ತಿನಾದ್ಯಂತ ಸುಮಾರು 67 ಕೋಟಿ ಎಂದು ವಿಶ್ವಸಂಸ್ಥೆಯ ಸಂಸ್ಥೆಗಳ ವರದಿ ಹೇಳುತ್ತದೆ. ಆಹಾರ ಇರುವುದು ಬೇರೆ, ಅದನ್ನು ಪಡೆಯುವ ಸಾಮರ್ಥ್ಯ ಇರುವುದು ಬೇರೆ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರಷ್ಟು ಹಿಂದೆಯೇ ಕ್ಷಾಮಗಳ ಅಧ್ಯಯನದಿಂದ ತೋರಿಸಿಕೊಟ್ಟರು. ಹಾಗಾಗಿ ಉಳಿದ ಆಹಾರವನ್ನು ಹಂಚುವುದರಿಂದ ವ್ಯರ್ಥವಾಗುವುದು ತಪ್ಪಬಹುದು, ಈ ವಾರದ ಊಟ ಸಿಗಬಹುದು. ಕೂಲಿ ಏರುವುದಿಲ್ಲ, ಬಾಡಿಗೆ ಇಳಿಯುವುದಿಲ್ಲ. ಅಂಗಡಿಗಳ ದಾನವನ್ನು ಕಾನೂನೇ ಪ್ರೋತ್ಸಾಹಿಸುವ ದೇಶಗಳಿವೆ. ಸದ್ಭಾವನೆಯಿಂದ ದಾನ ಕೊಟ್ಟವರಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುವ ಕಾಯ್ದೆ ಅಮೆರಿಕದಲ್ಲಿ 1996ರಲ್ಲಿ ಬಂತು. 400 ಚದರ ಮೀಟರಿಗಿಂತ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಮಾರಾಟವಾಗದ ಆಹಾರವನ್ನು ನಾಶಮಾಡದೆ ದಾನ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕೆಂಬ ಕಾನೂನು ಫ್ರಾನ್ಸಿನಲ್ಲಿ 2016ರಲ್ಲಿ ಬಂತು. ಇವೆಲ್ಲ ಒಳ್ಳೆಯವೇ. ಇವು ದಾನದ ಹರಿವನ್ನು ಹೆಚ್ಚಿಸುತ್ತವೆ, ಪಡೆಯುವವರ ಹಕ್ಕನ್ನು ಹೆಚ್ಚಿಸುವುದಿಲ್ಲ.

ಸರ್ಕಾರದ ನೆರವಿನ ಮುಂದೆ ದಾನದ ಗಾತ್ರ ಎಷ್ಟು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಅಮೆರಿಕದ ಅತಿದೊಡ್ಡ ಫುಡ್ ಬ್ಯಾಂಕ್ ಜಾಲವಾದ ಫೀಡಿಂಗ್ ಅಮೆರಿಕ ತಾನೇ ಹೇಳಿಕೊಂಡಂತೆ, ಆ ಜಾಲ ಒಂದು ಊಟ ಒದಗಿಸುವಲ್ಲಿ ಸರ್ಕಾರದ ಆಹಾರ ನೆರವಿನ ಯೋಜನೆ ಒಂಬತ್ತು ಊಟ ಒದಗಿಸುತ್ತದೆ. ಆದ್ದರಿಂದ, ತನಗೆ ಬರಬೇಕಾದ ಸರ್ಕಾರಿ ನೆರವು ಬಾರದಿರುವ ಕುಟುಂಬವೊಂದಕ್ಕೆ ಅದನ್ನು ಕೊಡಿಸಲು ಸ್ವಯಂಸೇವಕರೊಬ್ಬರು ಅರ್ಧ ದಿನ ವ್ಯಯಿಸಿದರೆ, ಆ ಅರ್ಧ ದಿನದ ಫಲ ಹಲವು ತಿಂಗಳ ಚೀಲಗಳಿಗಿಂತ ದೊಡ್ಡದಾಗಬಹುದು. ಭಂಡಾರದ ಒಂದು ಮೂಲೆಯಲ್ಲಿ ಮೇಜೊಂದನ್ನು ಹಾಕಿ, ಅರ್ಜಿ ತುಂಬಿಸುವುದು, ತಿರಸ್ಕೃತವಾದ ಅರ್ಜಿಗೆ ಮೇಲ್ಮನವಿ ಬರೆಯುವುದು, ಸಾಲದ ಬಗ್ಗೆ ಸಲಹೆ ಕೊಡಿಸುವುದು ಇವನ್ನು ನಿಮ್ಮ ಕೆಲಸದ ಭಾಗವಾಗಿಸಿ ಎಂದು ಒತ್ತಿ ಹೇಳುತ್ತೇನೆ. ಪುರಾವೆ ಕೇಳುವುದಕ್ಕೆ ಸರಿಯಾದ ಜಾಗ ಇದ್ದರೆ ಅದು ಈ ಮೇಜು ಮಾತ್ರ, ಅದೂ ಅವರ ಅರ್ಜಿಗೆ ಅಗತ್ಯವಾದಾಗ, ಅವರ ಒಪ್ಪಿಗೆಯಿಂದ.

ಹೀಗೆ ಹೇಳಿದ್ದರಿಂದ ನಾನು ಭಂಡಾರಗಳ ವಿರೋಧಿ ಎಂದು ಯಾರೂ ತಿಳಿಯಬಾರದು. ನೀತಿ ಬದಲಾಗುವವರೆಗೆ ಕಾಯಿರಿ ಎಂದು ಇಂದು ಹಸಿದವರಿಗೆ ಹೇಳುವ ಅಧಿಕಾರ ಯಾವ ಅಧ್ಯಾಪಕನಿಗೂ ಇಲ್ಲ. ಸಾಲಿನಲ್ಲಿ ಯಾರಿದ್ದಾರೆ, ಏಕೆ ಬಂದಿದ್ದಾರೆ ಎಂಬುದನ್ನು ಸರ್ಕಾರದ ಅಂಕಿ-ಅಂಶ ಪ್ರಕಟವಾಗುವುದಕ್ಕೆ ಎಷ್ಟೋ ಮೊದಲು ತಿಳಿಯುವವರು ನೀವು. ಆ ತಿಳಿವಳಿಕೆಯನ್ನು ಹೆಸರುಗಳಿಲ್ಲದೆ ದಾಖಲಿಸಿ ಜನಪ್ರತಿನಿಧಿಗಳ ಮುಂದೆ ಇಡುವುದೂ ಹಸಿವಿನ ವಿರುದ್ಧದ ಕೆಲಸವೇ.

ಮರುಪ್ರಶ್ನೆ (ಭಂಡಾರದ ಕಾರ್ಯದರ್ಶಿ):

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಆದಾಯದ ಪುರಾವೆಯ ಪ್ರಸ್ತಾಪವನ್ನು ಕೈಬಿಡಬೇಕೆಂದು ಮುಂದಿನ ಸಭೆಯಲ್ಲಿ ವಾದಿಸಲು ಈಗ ನನಗೆ ಬಲ ಬಂದಿದೆ. ಎರಡು ಪ್ರಶ್ನೆಗಳ ಮಾಪನವನ್ನೂ ಅರ್ಜಿಯ ಮೇಜನ್ನೂ ಸಮಿತಿಯ ಮುಂದಿಡುತ್ತೇನೆ. ಒಂದು ಸಂದೇಹ ಉಳಿದಿದೆ. ಪುರಾವೆ ಕೇಳದೆ, ಆಯ್ಕೆಗೂ ಬಿಟ್ಟರೆ, ದಾಸ್ತಾನು ಕಡಿಮೆಯಿರುವ ವಾರಗಳಲ್ಲಿ ಸಾಲಿನ ಕೊನೆಯಲ್ಲಿ ನಿಂತವರಿಗೆ ಏನೂ ಉಳಿಯದಿದ್ದರೆ ಏನು ಮಾಡಬೇಕು?

ಉತ್ತರ 5 (ದಾಸ್ತಾನು ನೋಡಿಕೊಳ್ಳುವವರು):

ಬಾಗಿಲು ತೆರೆಯುವ ಮುನ್ನವೇ ಆ ದಿನದ ದಾಸ್ತಾನನ್ನು ಎಣಿಸಿ, ಸಾಮಾನ್ಯವಾಗಿ ಬರುವ ಕುಟುಂಬಗಳ ಸಂಖ್ಯೆಯಿಂದ ಭಾಗಿಸಿ, ಪ್ರತಿ ವಿಭಾಗದ ಮಿತಿಯನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ. ಕೊರತೆಯ ವಾರದಲ್ಲಿ ಮಿತಿ ಇಳಿಯಲಿ, ಆದರೆ ಮೊದಲಿನವರಿಗೂ ಕೊನೆಯವರಿಗೂ ಅದು ಒಂದೇ ಇರಲಿ. ಬರುವ ಸಮಯವನ್ನು ಹಂಚಿಕೊಡುವಾಗ ಕೊನೆಯ ಪಾಳಿ ಪ್ರತಿ ವಾರ ಅದೇ ಕುಟುಂಬಗಳ ಪಾಲಿಗೆ ಬೀಳದಂತೆ ಸರದಿ ಬದಲಿಸಿ. ಧಾನ್ಯ, ಬೇಳೆಕಾಳು, ಅಡುಗೆ ಎಣ್ಣೆ ಈ ಮೂರನ್ನು ದಾನದ ಭರವಸೆಗೆ ಬಿಡದೆ, ಹಣವಾಗಿ ಬಂದ ದೇಣಿಗೆಯಿಂದ ಸಗಟು ದರದಲ್ಲಿ ಕೊಂಡು ತೆಗೆದಿಡಬೇಕು. ದಾನಿಗಳು ಪದಾರ್ಥ ಕೊಡಲು ಹೆಚ್ಚು ಇಷ್ಟಪಡುತ್ತಾರಾದರೂ, ಅದೇ ಮೊತ್ತ ನಮ್ಮ ಕೈಯಲ್ಲಿದ್ದರೆ ಹೆಚ್ಚು ಆಹಾರ ಬರುತ್ತದೆ ಎಂದು ಅವರಿಗೆ ಬಿಡಿಸಿ ಹೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ. ಮಿತಿಯನ್ನು ನಿರ್ಧರಿಸುವ ಸಮಿತಿಯಲ್ಲಿ ಭಂಡಾರದಿಂದ ದಿನಸಿ ಪಡೆಯುವವರಲ್ಲಿ ಇಬ್ಬರಾದರೂ ಮತದ ಹಕ್ಕಿನೊಂದಿಗೆ ಇರಲಿ. ಯಾವ ಪದಾರ್ಥದಲ್ಲಿ ಕಡಿತ ಮಾಡಿದರೆ ಮನೆ ನಡೆಯುತ್ತದೆ, ಯಾವುದರಲ್ಲಿ ಮಾಡಿದರೆ ನಡೆಯುವುದಿಲ್ಲ ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು.